ಹತ್ತು ಪರ್ಸೆಂಟ್ ಬಿಟ್ಟರೆ ಅರ್ಧ ಲಾಭ ಹೋಯ್ತು

ವ್ಯಾಪಾರ ಎರಡು ತಿಂಗಳು ಬಿದ್ದರೆ ಸಾಕು, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಹಿಡಿದು ಚಿಂತಾಮಣಿ, ಶಿಡ್ಲಘಟ್ಟದ ಪೇಟೆಗಳವರೆಗೆ ಅಂಗಡಿಯವರು ಮೊದಲು ಹೋಗುವುದು ಫ್ಲೆಕ್ಸ್ ಪ್ರಿಂಟ್ ಮಾಡುವವರ ಹತ್ತಿರ. ಹಳದಿ ಮೇಲೆ ಕೆಂಪಕ್ಷರ: ‘ಎಲ್ಲಾ ಐಟಂ ಮೇಲೆ 10% ಡಿಸ್ಕೌಂಟ್’. ಪುಸ್ತಕ ಹಿಡಿದು ಲೆಕ್ಕಿಗರ ಹತ್ತಿರ ಬರುವುದು ಅದಾಗಿ ಮೂರು ತಿಂಗಳಿಗೆ. ಪ್ರಶ್ನೆ ಪ್ರತಿ ಸಲವೂ ಒಂದೇ: ‘ಸಾರ್, ಅಂಗಡಿ ತುಂಬಾ ಜನ ಇದ್ರು, ಗಲ್ಲಾನೂ ತುಂಬ್ತಿತ್ತು, ದುಡ್ಡು ಎಲ್ಲಿ ಹೋಯ್ತು?’

ಎಲ್ಲಿಗೂ ಹೋಗಿಲ್ಲ. ಬಂದೇ ಇರಲಿಲ್ಲ.

ತಪ್ಪು ಎಲ್ಲಿ ಹುಟ್ಟುತ್ತದೆ ನೋಡಿ. ‘ನನಗೆ ಇಪ್ಪತ್ತೈದು ಪರ್ಸೆಂಟ್ ಸಿಗುತ್ತೆ, ಹತ್ತು ಬಿಟ್ಟರೂ ಹದಿನೈದು ಉಳಿಯುತ್ತಲ್ಲ’ ಅನ್ನುತ್ತಾರೆ. ಚಿಕ್ಕಪೇಟೆಯಿಂದ 80 ರೂಪಾಯಿಗೆ ತಂದ ಮಾಲನ್ನು 100ಕ್ಕೆ ಮಾರುತ್ತೀರಿ. ಲಾಭ 20 ರೂಪಾಯಿ. ಕೊಂಡ 80ರ ಮೇಲೆ ಅದು 25 ಪರ್ಸೆಂಟ್, ನಿಜ. ಆದರೆ ಡಿಸ್ಕೌಂಟ್ ಕೊಡುವುದು ಕೊಂಡ ಬೆಲೆಯ ಮೇಲಲ್ಲ, ಮಾರುವ ಬೆಲೆಯ ಮೇಲೆ. 100ರಲ್ಲಿ ಹತ್ತು ಪರ್ಸೆಂಟ್ ಹೋದರೆ 90. ಅಸಲು 80 ಅಲ್ಲೇ ಇದೆ. ಹೋಲ್‌ಸೇಲ್‌ನವರು ನಿಮ್ಮ ಫ್ಲೆಕ್ಸ್ ನೋಡಿ ಬಿಲ್ಲು ಕಡಿಮೆ ಮಾಡುವುದಿಲ್ಲ. ಉಳಿದದ್ದು ಹತ್ತು ರೂಪಾಯಿ. ಬಿಟ್ಟದ್ದು ಬೆಲೆಯಲ್ಲಿ ಹತ್ತನೇ ಒಂದು ಭಾಗ, ಕಳೆದುಕೊಂಡದ್ದು ಲಾಭದಲ್ಲಿ ಅರ್ಧ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅರ್ಥವಾಗಿರುವುದಿಲ್ಲ. ಆದ್ದರಿಂದ ಒಂದು ತಿಂಗಳ ಲೆಕ್ಕವನ್ನೇ ಬಿಡಿಸೋಣ.

ಒಂದು ಬಟ್ಟೆ ಅಂಗಡಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 100 ರೂಪಾಯಿಯ 4,000 ಪೀಸು ಹೋಗುತ್ತವೆ. ವ್ಯಾಪಾರ 4 ಲಕ್ಷ. ಪೀಸಿಗೆ 20ರಂತೆ 80,000 ಬರುತ್ತದೆ. ಬಾಡಿಗೆ, ಹುಡುಗರ ಸಂಬಳ, ಕರೆಂಟು, ಬಡ್ಡಿ ಎಲ್ಲ ಸೇರಿ ಖರ್ಚು 60,000. ಮನೆಗೆ ಒಯ್ಯುವುದು 20,000. ಈಗ ಹತ್ತು ಪರ್ಸೆಂಟ್ ಬಿಡಿ. ಫ್ಲೆಕ್ಸ್ ಚೆನ್ನಾಗಿ ಕೆಲಸ ಮಾಡಿತು, ಪೀಸುಗಳು 30 ಪರ್ಸೆಂಟ್ ಹೆಚ್ಚು ಹೋದವು ಅನ್ನೋಣ. 5,200 ಪೀಸು, 90ರಂತೆ 4 ಲಕ್ಷ 68 ಸಾವಿರ. ಗಲ್ಲಾ ತುಂಬಿತು. ಆದರೆ ಪೀಸಿಗೆ ಹತ್ತರಂತೆ ಬಂದದ್ದು 52,000. ಖರ್ಚು 60,000. ಕೈಯಿಂದ 8,000 ಹೋಯಿತು.

ಬೆಲೆ ಇಳಿಸದೆ ಸುಮ್ಮನೆ ಕೂತಿದ್ದರೆ? ಗಿರಾಕಿಗಳಲ್ಲಿ ನಾಲ್ಕನೇ ಒಂದು ಭಾಗ ಹೊರಟುಹೋಗಿ 3,000 ಪೀಸು ಮಾತ್ರ ಹೋಗಿದ್ದರೂ 60,000 ಬಂದು ಖರ್ಚಿಗೆ ಸರಿಹೋಗುತ್ತಿತ್ತು. ಜನ ತುಂಬಿದ ಅಂಗಡಿಗೆ ನಷ್ಟ, ನೊಣ ಹೊಡೆಯುತ್ತಿದ್ದ ಅಂಗಡಿಗೆ ಸಮ. ಇದನ್ನು ಕಣ್ಣೆದುರೇ ಬರೆದು ತೋರಿಸಿದರೂ ನಂಬದವರಿದ್ದಾರೆ. ಡಿಸ್ಕೌಂಟ್ ಕೊಟ್ಟು ಹಳೆಯ 80,000 ವಾಪಸು ಬರಬೇಕಾದರೆ 8,000 ಪೀಸು ಮಾರಬೇಕು, ಅಂದರೆ ಎರಡರಷ್ಟು. ಜನರ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಎರಡರಷ್ಟು ಯಾರು ಕೊಳ್ಳುತ್ತಾರೆ ಸ್ವಾಮಿ?

ನಿಮ್ಮ ಅಂಗಡಿಗೆ ಲೆಕ್ಕ ಹಾಕುವುದು ಸುಲಭ. ಮಾರುವ ಬೆಲೆಯಲ್ಲಿ ನೂರಕ್ಕೆ ಎಷ್ಟು ಲಾಭ ಬರೆದುಕೊಳ್ಳಿ. ಅದರಿಂದ ಡಿಸ್ಕೌಂಟ್ ಕಳೆಯಿರಿ. ಮೊದಲಿನ ಲಾಭವನ್ನು ಕಳೆದು ಉಳಿದದ್ದರಿಂದ ಭಾಗಿಸಿ. ನೂರಕ್ಕೆ 30 ಇದ್ದು ಹತ್ತು ಬಿಟ್ಟರೆ ಒಂದೂವರೆಯಷ್ಟು ಮಾರಬೇಕು. 15 ಇದ್ದರೆ ಮೂರರಷ್ಟು. 12 ಇದ್ದರೆ ಆರರಷ್ಟು. ಎಣ್ಣೆ, ಸಕ್ಕರೆ, ಬೇಳೆಯಂಥ ಕಮ್ಮಿ ಮಾರ್ಜಿನ್ ಮಾಲಿನ ದಿನಸಿ ಅಂಗಡಿಯವರು ಹತ್ತು ಪರ್ಸೆಂಟಿನ ಮಾತೇ ಎತ್ತಬಾರದು. ಇದು ಸಾಮಾನ್ಯ ಲೆಕ್ಕ ಅನ್ನುವುದು ನೆನಪಿರಲಿ; ಖರೀದಿ ಬಿಲ್ಲು ನೋಡದೆ ನಿಮ್ಮ ಅಂಗಡಿಗೆ ಇಷ್ಟೇ ಅಂತ ಯಾರೂ ಹೇಳಲಾಗದು. ಮತ್ತೆ, ಅಂಗಡಿಯಲ್ಲಿ ಎಲ್ಲ ಮಾಲಿಗೂ ಒಂದೇ ಮಾರ್ಜಿನ್ ಇರುವುದಿಲ್ಲ. ಹೆಚ್ಚು ಹೋಗುವ ಇಪ್ಪತ್ತು ಐಟಂಗಳಿಗಾದರೂ ಬೇರೆ ಬೇರೆ ಲೆಕ್ಕ ಬೇಕು.

ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿರುವ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಸ್ಕೀಮಿನಲ್ಲಿರುವ ವ್ಯಾಪಾರಿಗಳಿಗೆ ಇನ್ನೊಂದು ಪೆಟ್ಟಿದೆ. ಅವರು ಕಟ್ಟುವ ಒಂದು ಪರ್ಸೆಂಟ್ ವಹಿವಾಟಿನ ಮೇಲೆ, ಲಾಭದ ಮೇಲಲ್ಲ. ಗಿರಾಕಿಯಿಂದ ಅದನ್ನು ಬೇರೆಯಾಗಿ ವಸೂಲು ಮಾಡುವಂತೆಯೂ ಇಲ್ಲ. ಮೇಲಿನ ಅಂಗಡಿ 4,000 ಕಟ್ಟುತ್ತಿದ್ದದ್ದು, ನಷ್ಟ ಮಾಡಿಕೊಂಡ ತಿಂಗಳಲ್ಲಿ 4,680 ಕಟ್ಟಬೇಕು. ರೆಗ್ಯುಲರ್ ಸ್ಕೀಮಿನವರು, ಅಂದರೆ ಗಿರಾಕಿಯಿಂದ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡುವವರು, ಡಿಸ್ಕೌಂಟ್ ಕೊಟ್ಟರೆ ಬಿಲ್ಲಿನಲ್ಲೇ ತೋರಿಸಬೇಕು. ಬಾಯಲ್ಲಿ ಹೇಳಿ ಬಿಟ್ಟ ದುಡ್ಡಿಗೂ ತೆರಿಗೆ ಕಟ್ಟುತ್ತಿರುವವರಿದ್ದಾರೆ.

ಹಾಗಾದರೆ ಬೆಲೆ ಇಳಿಸಲೇಬಾರದೇ? ಇಳಿಸಬೇಕಾದದ್ದು ಒಂದಿದೆ: ನಿಂತ ಮಾಲು. ಆರು ತಿಂಗಳು ದಾಟಿದ ಬಟ್ಟೆ, ಸಂಜೆ ಏಳಾದರೂ ಉಳಿದ ಬೇಕರಿ ಪಫ್, ಬಾಡಲು ಹೊರಟ ಹೂವು. ಅದು ಹೋಗದಿದ್ದರೆ ಸೊನ್ನೆ, ಹೋದರೆ ಬಂದಷ್ಟು ಲಾಭ. ಆಷಾಢದ ಸೇಲ್‌ಗೆ ಅರ್ಥವಿದ್ದದ್ದು ಇದರಿಂದಲೇ: ಮದುವೆಗಳಿಲ್ಲದ ತಿಂಗಳಲ್ಲಿ ಹಳೆ ಸ್ಟಾಕು ಕಳೆದು, ಶ್ರಾವಣಕ್ಕೆ ಹೊಸದು ತರಲು ಕಾಸು ಮಾಡಿಕೊಳ್ಳುವುದು. ಈಗೀಗ ಆಷಾಢಕ್ಕೆಂದೇ ಹೊಸ ಮಾಲು ತರಿಸಿ ಡಿಸ್ಕೌಂಟ್ ಹಾಕುತ್ತಾರೆ. ಗಿರಾಕಿ ಅಷ್ಟೇನೂ ದಡ್ಡರಲ್ಲ. ಎರಡು ವರ್ಷ ನೋಡಿದ ಮೇಲೆ ಜ್ಯೇಷ್ಠದಲ್ಲಿ ಕೊಳ್ಳುವುದನ್ನೇ ಬಿಡುತ್ತಾರೆ. ನಿಂತ ಮಾಲಿನ ಟೇಬಲ್ ಬೇರೆ ಹಾಕಿ, ಪರ್ಸೆಂಟ್ ಬರೆಯಬೇಡಿ, ಬೆಲೆ ಬರೆಯಿರಿ: ‘ಯಾವುದು ತಗೊಂಡ್ರೂ 199’. ಪರ್ಸೆಂಟ್ ಬರೆದರೆ ‘ಅದಕ್ಕೆ ಕೊಟ್ರಿ, ಇದಕ್ಕೂ ಕೊಡಿ’ ಅನ್ನುವ ಚೌಕಾಸಿ ಇಡೀ ಅಂಗಡಿಗೆ ಹಬ್ಬುತ್ತದೆ.

ಹೊಸ ಮಾಲಿಗೆ ಏನಾದರೂ ಕೊಡಲೇಬೇಕೆಂದರೆ ದುಡ್ಡು ಬಿಡಬೇಡಿ, ವಸ್ತುವನ್ನೋ ಕೆಲಸವನ್ನೋ ಕೊಡಿ. 1,200 ರೂಪಾಯಿ ಸೀರೆಗೆ ಹತ್ತು ಪರ್ಸೆಂಟ್ ಅಂದರೆ ನಿಮ್ಮ ಜೇಬಿನಿಂದ 120. ಅದರ ಬದಲು ಫಾಲ್-ಪಿಕೋ ಹಾಕಿಸಿ ಕೊಡಿ. ಗಿರಾಕಿ ಹೊರಗೆ ನೂರು ಕೊಡುವ ಕೆಲಸಕ್ಕೆ, ತಿಂಗಳಿಗೆ ನೂರು ಸೀರೆ ಕಳಿಸುವ ಅಂಗಡಿಗೆ ಟೈಲರ್ 50ಕ್ಕೆ ಒಪ್ಪಬಹುದು. ಗಿರಾಕಿಯ ಕಣ್ಣಿಗೆ ನೂರು, ನಿಮ್ಮ ಪುಸ್ತಕಕ್ಕೆ 50. ಆದರೆ ಕೊಟ್ಟ ದಿನಕ್ಕೆ ಸೀರೆ ಸಿಗಬೇಕು. ಮೂರು ಸಲ ಓಡಾಡಿಸಿದರೆ ಡಿಸ್ಕೌಂಟ್ ಕೊಟ್ಟಿದ್ದರೇ ಚೆನ್ನಾಗಿತ್ತು.

ದಿನಸಿ, ಫ್ಯಾನ್ಸಿ ಅಂಗಡಿಗೆ ಬಿಲ್ಲು ದೊಡ್ಡದು ಮಾಡುವ ದಾರಿ ಹಿಡಿಸುತ್ತದೆ. ತಿಂಗಳ ವ್ಯಾಪಾರವನ್ನು ಬಿಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬಿಲ್ಲು ಗೊತ್ತಾಗುತ್ತದೆ. ಅದು 400 ಬಂದರೆ ‘500ರ ಮೇಲೆ ಕೊಂಡವರಿಗೆ ಇದು ಉಚಿತ’ ಅನ್ನಿ. ನೂರಕ್ಕೆ 20 ಲಾಭವಿದ್ದರೆ ಹೆಚ್ಚುವರಿ ನೂರರಿಂದ ನಿಮಗೆ ಬರುವುದು 20 ರೂಪಾಯಿ. ಉಚಿತ ವಸ್ತುವಿನ ಅಸಲು ಎಂಟು-ಹತ್ತು ದಾಟಬಾರದು, ಏಕೆಂದರೆ ಮೊದಲಿಂದಲೂ 500 ಕೊಳ್ಳುತ್ತಿದ್ದವರಿಗೂ ಅದು ಹೋಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಹೆಚ್ಚು ಜನರಿಗೆ ಸಿಗಲಿ ಅಂತ ಮಿತಿಯನ್ನು 300ಕ್ಕೆ ಇಡುತ್ತಾರೆ, ಆಮೇಲೆ ಯಾರ ಬಿಲ್ಲೂ ಒಂದು ರೂಪಾಯಿ ಏರುವುದಿಲ್ಲ.

ಇನ್ನು ಯಾವಾಗ ಕೂಗಬೇಕು, ಅಂದರೆ ಪ್ರಚಾರ ಮಾಡಬೇಕು ಅನ್ನುವ ವಿಷಯ. ಬೆಂಗಳೂರಿನ ಅಂಗಡಿಗೆ ಒಂದನೇ ತಾರೀಖು ಸಂಬಳ ನೋಡಿಕೊಂಡರೆ ಸಾಕು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ದುಡ್ಡು ಬೇರೆ ಬೇರೆ ಬಾಗಿಲಿಂದ ಬರುತ್ತದೆ. ಹಾಲಿನ ಬಟವಾಡೆಗೆ ಪ್ರತಿ ಡೇರಿಗೂ ಅದರದೇ ದಿನವಿದೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಗೂಡು ಮಾರಿದಾಗ ಕೈಯಲ್ಲಿ ಹಣ. ಹುಳು ಮೇಯಿಸಲು ಶುರು ಮಾಡಿದಾಗಿನಿಂದ ಗೂಡು ಮಾರುಕಟ್ಟೆಗೆ ಬರಲು ಹೆಚ್ಚುಕಡಿಮೆ ಒಂದು ತಿಂಗಳು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು ಮನೆಯಲ್ಲಿರುವ ವಾರ ಆ ಮನೆಯವರಿಗೆ ಸೊಪ್ಪು ಹಾಕುವುದು ಬಿಟ್ಟು ಬೇರೆ ಲೋಕವೇ ಇರುವುದಿಲ್ಲ. ಆ ವಾರ ನೀವು ಕಳಿಸಿದ ಸೀರೆ ಫೋಟೋ ಯಾರೂ ನೋಡುವುದಿಲ್ಲ, ಹತ್ತು ದಿನ ಬಿಟ್ಟು ಕಳಿಸಿದರೆ ನೋಡುತ್ತಾರೆ. ಟೊಮೆಟೊ ಅಂತೂ ಲಾಟರಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸು 2,000 ದಾಟಿದಾಗ ಬಂದಂಥ ಗಿರಾಕಿ ಪ್ರತಿ ವರ್ಷ ಬರುತ್ತಾರೆಂದು ಸ್ಟಾಕು ತುಂಬಬೇಡಿ. ಗೃಹಲಕ್ಷ್ಮಿಯ 2,000 ಬೀಳುವ ತಾರೀಖು ನಿಕ್ಕಿ ಇಲ್ಲ, ಆದರೆ ಬಿದ್ದ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಪಾತ್ರೆ ಅಂಗಡಿಯವರು, ಚಪ್ಪಲಿ ಅಂಗಡಿಯವರು ಆ ವಾರವನ್ನು ಬಿಡಬಾರದು. ಶನಿವಾರ, ಭಾನುವಾರ ನಂದಿ ಬೆಟ್ಟಕ್ಕೆ ಬರುವವರದ್ದು ಬೇರೆಯೇ ಕಥೆ. ಅವರಿಗೆ ಬೇಕಾದ್ದು ಡಿಸ್ಕೌಂಟ್ ಅಲ್ಲ, ಕಾರು ನಿಲ್ಲಿಸಲು ಜಾಗ ಮತ್ತು ಚೊಕ್ಕಟವಾದ ಶೌಚಾಲಯ.

ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ವ್ಯಾಪಾರ ಬರೆಯಿರಿ, ಪಕ್ಕದಲ್ಲಿ ಸಂತೆ, ಬಟವಾಡೆ, ಹಬ್ಬ ಅಂತ ಒಂದೊಂದು ಗುರುತು. ಮೂರು ತಿಂಗಳಲ್ಲಿ ನಿಮ್ಮ ಅಂಗಡಿಯ ಒಳ್ಳೆ ವಾರಗಳು ಯಾವುವು ಅಂತ ಕಾಣುತ್ತದೆ. ಪ್ರಚಾರದ ದುಡ್ಡು ಅಲ್ಲಿಗೆ. ಖಾಲಿ ವಾರದಲ್ಲಿ ಕೂಗಿ ಪ್ರಯೋಜನವಿಲ್ಲ, ಆದರೆ ಎಲ್ಲರೂ ಕೂಗುವುದು ಖಾಲಿ ವಾರದಲ್ಲೇ.

ಕೂಗುವ ಸಾಧನ ಯಾವುದು? ಹಳೆ ಗಿರಾಕಿಯ ಫೋನ್ ನಂಬರಿಗಿಂತ ಅಗ್ಗದ್ದು ಇಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ನಂಬರು ಹಿಡಿಸುತ್ತವೆ. ಅದರಲ್ಲೊಂದು ಷರತ್ತಿದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ತಲುಪುತ್ತದೆ. ‘ಇನ್ನೂರು ಜನಕ್ಕೆ ಹಾಕಿದೆ, ಒಬ್ಬರೂ ಬರಲಿಲ್ಲ’ ಅನ್ನುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಬಿಲ್ಲು ಕೊಡುವಾಗಲೇ ಗಿರಾಕಿಯ ಫೋನಿಗೆ ಮಿಸ್ಡ್ ಕಾಲ್ ಕೊಟ್ಟು, ಅಂಗಡಿ ಹೆಸರಲ್ಲಿ ಸೇವ್ ಮಾಡಿಸಿ. ಕಳಿಸುವುದು ವಾರಕ್ಕೆ ಒಂದೇ. ಒಂದು ಫೋಟೋ, ಬೆಲೆ, ‘ಇಂದು ಬಂದಿದೆ’ ಅನ್ನುವ ಒಂದು ಸಾಲು. ಬೆಳಿಗ್ಗೆ ಗುಡ್ ಮಾರ್ನಿಂಗ್, ಸಂಜೆ ಸುಭಾಷಿತ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಮಾಡಲೇಬೇಕು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸುವುದೂ ಉಚಿತ. ಗುರುತು ಸರಿಯಾದ ಬಾಗಿಲಿನ ಮೇಲಿದೆಯೇ, ಫೋನ್ ನಂಬರ್ ಈಗಿನದೇ ಅಂತ ನೋಡಿಕೊಂಡರೆ ಮುಗಿಯಿತು.

ಪೇಪರಿನೊಳಗೆ ಪಾಂಪ್ಲೆಟ್ ಹಾಕಿಸುವವರು ಖರ್ಚನ್ನು ಮಾರ್ಜಿನ್ನಿನಿಂದ ಭಾಗಿಸಿ. 3,000 ಖರ್ಚು, ನೂರಕ್ಕೆ 20 ಲಾಭ: 15,000 ರೂಪಾಯಿ ಹೆಚ್ಚುವರಿ ವ್ಯಾಪಾರ ಆದರೆ ಖರ್ಚು ಹುಟ್ಟಿತು ಅಷ್ಟೇ, ಲಾಭ ಅದರಾಚೆ. ಮೂಲೆಯಲ್ಲಿ ಹರಿದು ತರುವ ಚೀಟಿ ಇಡಿ. ಒಂದೊಂದು ಬಡಾವಣೆಗೆ ಒಂದೊಂದು ಬಣ್ಣ. ಯಾವ ಬಣ್ಣ ವಾಪಸು ಬರಲಿಲ್ಲವೋ ಮುಂದಿನ ಸಲ ಅಲ್ಲಿಗೆ ಹಾಕಿಸಬೇಡಿ.

ಒಂದು ಮಾತು ಕ್ಯೂಆರ್ ಬಗ್ಗೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟಾಗ ಎಷ್ಟೋ ಅಂಗಡಿಗಳು ಸ್ಕ್ಯಾನರ್ ಕಿತ್ತು ‘ನಗದು ಮಾತ್ರ’ ಅಂತ ಬರೆದವು. ಭಯ ಅರ್ಥವಾಗುತ್ತದೆ. ಆದರೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಅನ್ನುವ ಜಿಎಸ್‌ಟಿ ನೋಂದಣಿ ಮಿತಿ ನಗದಿಗೂ ಅನ್ವಯಿಸುತ್ತದೆ. ಸ್ಕ್ಯಾನರ್ ತೆಗೆದರೆ ಮಿತಿ ಏರುವುದಿಲ್ಲ, ಜೇಬಿನಲ್ಲಿ ಫೋನು ಮಾತ್ರ ಇಟ್ಟುಕೊಂಡು ಬರುವ ಹುಡುಗರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಮಿತಿಯ ಹತ್ತಿರ ಇರುವವರು ತಮ್ಮ ಲೆಕ್ಕಿಗರನ್ನು ಕೇಳಿ ತೀರ್ಮಾನ ಮಾಡುವುದು ಒಳ್ಳೆಯದು.

ಕೊನೆಗೆ ಉದ್ರಿ. ಕೆಟ್ಟ ಕಾಲದಲ್ಲಿ ಗಿರಾಕಿ ಉಳಿಸಿಕೊಳ್ಳಲು ಉದ್ರಿಯಷ್ಟು ಗಟ್ಟಿ ಉಪಾಯ ಇನ್ನೊಂದಿಲ್ಲ, ಅಂಗಡಿ ಮುಚ್ಚಿಸಲೂ ಅಷ್ಟೇ ಗಟ್ಟಿ. ಸಾವಿರ ರೂಪಾಯಿ ಉದ್ರಿ ಮುಳುಗಿದರೆ ಹೋದ ಅಸಲು 800. ಅದನ್ನು ತುಂಬಲು ನೂರಕ್ಕೆ 20ರಂತೆ 4,000 ರೂಪಾಯಿ ನಗದು ವ್ಯಾಪಾರ ಬೇಕು. ಹೊಸಬರಿಗೆ ಬೇಡ. ಹಳಬರಿಗೆ, ಅವರು ಒಂದು ತಿಂಗಳಲ್ಲಿ ಕೊಳ್ಳುವಷ್ಟಕ್ಕಿಂತ ಹೆಚ್ಚು ಬಾಕಿ ಬೆಳೆಯದಂತೆ. ಪುಸ್ತಕದಲ್ಲಿ ಮೊತ್ತದ ಪಕ್ಕ ‘ಯಾವಾಗ ಕೊಡ್ತೀರಿ’ ಅನ್ನುವುದಕ್ಕೂ ಒಂದು ಕಾಲಂ ಇರಲಿ: ಬಟವಾಡೆಗೋ, ಗೂಡಿಗೋ, ಸಂಬಳಕ್ಕೋ. ಬಟವಾಡೆ ಅಂದವರನ್ನು ಬಟವಾಡೆಯ ದಿನ ಸಂಜೆಯೇ ಕೇಳಿ. ಮಾರನೆಯ ದಿನ ಕೇಳಿದರೆ ‘ಅಯ್ಯೋ ಅಣ್ಣ, ನಿನ್ನೆ ಬಂದಿದ್ರೆ ಕೊಡ್ತಿದ್ದೆ’ ಅನ್ನುತ್ತಾರೆ, ಅದು ನಿಜವೂ ಆಗಿರುತ್ತದೆ.