ಪದ ಪರಿಚಯ: ಸ್ಲಿಪ್ ಆ್ಯಂಗಲ್

ಭತ್ತ ಕೊಯ್ದು ಗದ್ದೆ ಒಣಗಿದ ಮೇಲೆ ದಕ್ಷಿಣ ಕೊಡಗಿನಲ್ಲಿ ಆಟೋಕ್ರಾಸ್‌ಗೆ ಕಾಲ ಕೂಡಿಬರುತ್ತದೆ. ಗದ್ದೆಯಲ್ಲೇ ಟ್ರ್ಯಾಕ್. ಒಂದು ಸಲಕ್ಕೆ ಒಂದೇ ಗಾಡಿ, ಪೈಪೋಟಿ ಗಡಿಯಾರದ ಜೊತೆ. ಬದುವಿನ ಮೇಲೆ ನಿಂತು ನೋಡುವವರ ಬಾಯಲ್ಲಿ ಎರಡು ಮಾತು ಸದಾ ಕೇಳಿಸುತ್ತವೆ. "ಏನ್ ಲಿಮಿಟ್ಟಲ್ಲಿ ಓಡಿಸ್ತಾನೆ ನೋಡು" ಅನ್ನುವುದು ಒಂದು. "ಅಯ್ಯೋ, ಗಾಡಿ ಕೈ ಬಿಡ್ತು" ಅನ್ನುವುದು ಇನ್ನೊಂದು. ಇವೆರಡರ ನಡುವೆ ಇರುವುದು ಕೆಲವೇ ಡಿಗ್ರಿ. ಆ ಡಿಗ್ರಿಗಳನ್ನು ಅಳೆಯುವುದೇ ಸ್ಲಿಪ್ ಆ್ಯಂಗಲ್.

ಚಕ್ರ ಮುಖ ಮಾಡಿರುವ ದಿಕ್ಕು ಒಂದು, ಅದು ನಿಜಕ್ಕೂ ಸಾಗುವ ದಿಕ್ಕು ಇನ್ನೊಂದು. ಆ ಎರಡರ ನಡುವಿನ ಕೋನ ಇದು. ಒಂದೊಂದು ಟೈರು ನೆಲ ಮುಟ್ಟುವುದು ಸುಮಾರು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಸ್ಟೇರಿಂಗ್ ತಿರುಗಿಸಿದಾಗ ಅಷ್ಟು ಜಾಗದ ರಬ್ಬರ್ ನೆಲ ಕಚ್ಚಿ ತಿರುಚಿಕೊಳ್ಳುತ್ತದೆ. ಗಾಡಿಯನ್ನು ತಿರುವಿನ ಒಳಕ್ಕೆ ಎಳೆಯುವ ಬಲ ಹುಟ್ಟುವುದು ಅಲ್ಲೇ. ಹಾಗಾಗಿ ಕುಶಾಲನಗರದ ಸಂತೆಗೆ ಹೊರಟ ಮಾರುತಿಯಲ್ಲೂ ತಿರುವಿನಲ್ಲಿ ಒಂದೆರಡು ಡಿಗ್ರಿ ಸ್ಲಿಪ್ ಇದ್ದೇ ಇರುತ್ತದೆ. ಅದಿಲ್ಲದೆ ಯಾವ ಗಾಡಿಯೂ ತಿರುಗುವುದಿಲ್ಲ.

ಕೋನ ಹೆಚ್ಚಿದಂತೆ ಗ್ರಿಪ್ ಕೂಡ ಹೆಚ್ಚುತ್ತದೆ, ಆದರೆ ಒಂದು ತುದಿಯವರೆಗೆ. ಒಣ ಡಾಂಬರಿನ ಮೇಲೆ ಸಾಮಾನ್ಯ ಟೈರಿಗೆ ಆ ತುದಿ ಹೆಚ್ಚುಕಡಿಮೆ 6ರಿಂದ 10 ಡಿಗ್ರಿ. ಅದನ್ನು ದಾಟಿದರೆ ಗ್ರಿಪ್ ಇಳಿಯುತ್ತದೆ. ರೇಸ್‌ನವರು ಲಿಮಿಟ್ ಅನ್ನುವುದು ಈ ತುದಿಗೆ. ಟೈರ್ ಜಾರದಂತೆ ನೋಡಿಕೊಳ್ಳುವುದೇ ಒಳ್ಳೆಯ ಡ್ರೈವಿಂಗ್ ಅಂತ ಸುಮಾರು ಜನ ತಿಳಿದಿರುತ್ತಾರೆ. ರೇಸಿನಲ್ಲಿ ಹಾಗಲ್ಲ. ನಾಲ್ಕೂ ಟೈರು ತಕ್ಕಷ್ಟು ಜಾರುತ್ತಿರಬೇಕು. ತಿರುವು ಶುರುವಾದಲ್ಲಿಂದ ಮುಗಿಯುವವರೆಗೂ ಅವುಗಳನ್ನು ಆ ತುದಿಯ ಆಸುಪಾಸಿನಲ್ಲೇ ಇಟ್ಟುಕೊಳ್ಳುವುದು ಇರುವ ಕೆಲಸ.

ತೊಂದರೆ ಏನೆಂದರೆ ಈ ತುದಿ ಒಂದೇ ಕಡೆ ನಿಲ್ಲುವುದಿಲ್ಲ. 30 ಮೀಟರ್ ತ್ರಿಜ್ಯದ ಒಂದು ತಿರುವು ಇಟ್ಟುಕೊಳ್ಳಿ. ಒಣ ಡಾಂಬರಿನಲ್ಲಿ ಘರ್ಷಣೆಯ ಅಂಕಿ 0.9 ಅಂದುಕೊಂಡರೆ ಗಂಟೆಗೆ ಸುಮಾರು 59 ಕಿಲೋಮೀಟರ್ ವೇಗದಲ್ಲಿ ಹೋಗಬಹುದು. ಅದೇ ತಿರುವು ಸಡಿಲ ಮಣ್ಣಿನದಾಗಿ ಅಂಕಿ 0.5ಕ್ಕೆ ಇಳಿದರೆ ಸುಮಾರು 44. ಇನ್ನು ಕಾಫಿ ತೋಟದ ದಾರಿಯಲ್ಲಿ ಗ್ರಿಪ್ ಹತ್ತು ಮೀಟರಿನೊಳಗೇ ಬದಲಾಗಬಹುದು. ಬಿಸಿಲು ಬಿದ್ದ ಕಡೆ ಮಣ್ಣು ಗಟ್ಟಿ. ಸಿಲ್ವರ್ ಓಕ್ ನೆರಳಿನಲ್ಲಿ ಬೆಳಿಗ್ಗೆಯ ಮಂಜು ತೊಟ್ಟಿಕ್ಕಿ ಮಧ್ಯಾಹ್ನದವರೆಗೂ ಹಸಿ. ನೋಡುವುದಕ್ಕೆ ಎರಡೂ ಒಂದೇ ಕೆಂಪು!

ಹಾಗಾದರೆ ಡ್ರೈವರ್‌ಗೆ ಗೊತ್ತಾಗುವುದು ಹೇಗೆ? ಕಣ್ಣಿಗಿಂತ ಮೊದಲು ಕೈಗೆ, ಸೊಂಟಕ್ಕೆ. ಪವರ್ ಸ್ಟೇರಿಂಗ್ ಇಲ್ಲದ ಹಳೇ ಮಾರುತಿ 800 ಇದಕ್ಕೆ ಒಳ್ಳೆಯ ಮೇಷ್ಟ್ರು. ತಿರುವಿನಲ್ಲಿ ವೇಗ ಏರಿಸುತ್ತಾ ಹೋದಂತೆ ಸ್ಟೇರಿಂಗ್ ಭಾರವಾಗುತ್ತದೆ. ಟೈರು ನೇರವಾಗಲು ಎಳೆಯುತ್ತಿರುತ್ತದೆ. ಆಮೇಲೆ ಒಂದು ಹಂತದಲ್ಲಿ ಆ ಭಾರ ಸ್ವಲ್ಪ ಸಡಿಲುತ್ತದೆ. ನೆಲ ಮುಟ್ಟಿದ ಜಾಗದ ಹಿಂಭಾಗ ಮೊದಲು ಜಾರಲು ಶುರು ಮಾಡುವುದರಿಂದ ಹೀಗಾಗುತ್ತದೆ. ಗಮನಿಸಬೇಕಾದ್ದು ಇದನ್ನೇ. ಸ್ಟೇರಿಂಗ್ ಸಡಿಲಾಗುವುದು ಗ್ರಿಪ್ ತುದಿ ಮುಟ್ಟುವ ಮೊದಲು, ಮುಟ್ಟಿದ ಮೇಲಲ್ಲ. ಅಂದರೆ ಗಾಡಿ ಮುಂಚೆಯೇ ಹೇಳಿರುತ್ತದೆ. ಈಗಿನ ಕಾರುಗಳ ಪವರ್ ಸ್ಟೇರಿಂಗ್ ಈ ಮಾತನ್ನು ಬಹುಪಾಲು ನುಂಗಿಬಿಡುತ್ತದೆ. ಪಾರ್ಕಿಂಗ್‌ಗೆ ಸುಖ, ಕಲಿಯುವವರಿಗೆ ನಷ್ಟ.

ಹಿಂದಿನ ಚಕ್ರದ ಸುದ್ದಿ ಕೈಗೆ ಬರುವುದಿಲ್ಲ, ಸೀಟಿನಿಂದ ಬರುತ್ತದೆ. ಮುಂದಿನ ಟೈರುಗಳ ಸ್ಲಿಪ್ ಹಿಂದಿನದಕ್ಕಿಂತ ಜಾಸ್ತಿಯಾದರೆ ಗಾಡಿ ತಿರುಗದೆ ಹೊರಕ್ಕೆ ಹೋಗುತ್ತದೆ. ಅದು ಅಂಡರ್‌ಸ್ಟಿಯರ್. ಹಿಂದಿನದ್ದು ಜಾಸ್ತಿಯಾದರೆ ಬಾಲ ಬೀಸುತ್ತದೆ. ಅದು ಓವರ್‌ಸ್ಟಿಯರ್. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಇದನ್ನೆಲ್ಲ ಕೂತು ಅಭ್ಯಾಸ ಮಾಡಿದ್ದರು.

ಎರಡರಲ್ಲೂ ಮನುಷ್ಯನ ಮೊದಲ ಬುದ್ಧಿ ಕೆಟ್ಟದ್ದನ್ನೇ ಹೇಳುತ್ತದೆ. ಮುಂಭಾಗ ಹೊರಕ್ಕೆ ಹೋಗುತ್ತಿದ್ದರೆ ಇನ್ನಷ್ಟು ತಿರುಗಿಸೋಣ ಅನ್ನಿಸುತ್ತದೆ. ಟೈರು ಆಗಲೇ ತುದಿ ದಾಟಿದೆ, ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಗ್ರಿಪ್ ಹೋಗುತ್ತದೆ. ಸ್ಟೇರಿಂಗ್ ಕೊಂಚ ನೇರ ಮಾಡಬೇಕು, ಆಕ್ಸಿಲರೇಟರ್ ಕೊಂಚ ಬಿಡಬೇಕು. ಬಾಲ ಬೀಸಿದಾಗಲೋ, ಗಾಬರಿಯಲ್ಲಿ ಕಾಲು ತಟ್ಟನೆ ಎತ್ತುತ್ತೇವೆ. ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗಿ ಇನ್ನೂ ಜೋರಾಗಿ ಬೀಸುತ್ತದೆ. ಬಾಲ ಹೋಗುವ ಕಡೆಗೇ ಸ್ಟೇರಿಂಗ್ ತಿರುಗಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗಾಡಿ ಹಿಡಿತಕ್ಕೆ ಬಂದ ಆ ಗಳಿಗೆಯಲ್ಲೇ ಅದನ್ನು ವಾಪಸ್ ತರಬೇಕು ಅನ್ನುವುದು ಮಾತ್ರ ಮರೆತುಹೋಗುತ್ತದೆ. ತಡವಾದರೆ ಗಾಡಿ ಆ ಕಡೆಗೆ ಎಸೆಯುತ್ತದೆ. ಗದ್ದೆಯಲ್ಲಿ ಬದು ಹತ್ತುವ ಗಾಡಿಗಳಲ್ಲಿ ಹೀಗೆ ಎರಡನೇ ಸಲ ಎಸೆಸಿಕೊಂಡವು ಕಡಿಮೆಯೇನಿಲ್ಲ.

ಬ್ರೇಕು ಮತ್ತು ತಿರುವು ಎರಡಕ್ಕೂ ಗ್ರಿಪ್ ಕೊಡುವುದು ಅದೇ ಅಂಗೈಯಷ್ಟು ರಬ್ಬರ್. ಆದರೆ ಲೆಕ್ಕ ನೇರ ಕೂಡು–ಕಳೆ ಅಲ್ಲ, ಪೈಥಾಗೊರಸ್‌ನದು. ನೂರರಲ್ಲಿ 80ನ್ನು ಬ್ರೇಕಿಗೆ ಕೊಟ್ಟರೂ ತಿರುವಿಗೆ 20 ಅಲ್ಲ, 60 ಉಳಿಯುತ್ತದೆ (80ರ ವರ್ಗಕ್ಕೆ 60ರ ವರ್ಗ ಕೂಡಿದರೆ 100ರ ವರ್ಗ). ಅದಕ್ಕೇ ರೇಸ್ ಡ್ರೈವರ್‌ಗಳು ಬ್ರೇಕನ್ನು ನಿಧಾನಕ್ಕೆ ಬಿಡುತ್ತಾ ತಿರುವಿನ ಒಳಗೆ ಹೋಗುತ್ತಾರೆ. ಇದನ್ನು ಟ್ರೈಲ್ ಬ್ರೇಕಿಂಗ್ ಅನ್ನುತ್ತಾರೆ.

ನಾವು ಲಿಮಿಟ್ ಅಂದುಕೊಂಡಿದ್ದು ಎಷ್ಟೋ ಸಲ ಗಾಡಿಯದ್ದಲ್ಲ, ನಮ್ಮದು. 1957ರಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್ ಟ್ರ್ಯಾಕ್‌ನಲ್ಲಿ ಅರ್ಜೆಂಟೀನಾದ ರೇಸ್ ಡ್ರೈವರ್ ಹುವಾನ್ ಮ್ಯಾನುಯೆಲ್ ಫಾಂಜಿಯೊ ಅರ್ಹತಾ ಸುತ್ತಿನಲ್ಲಿ ಮೊದಲಿಗರಾಗಿದ್ದು 9 ನಿಮಿಷ 25.6 ಸೆಕೆಂಡಿನಲ್ಲಿ. ರೇಸಿನ ನಡುವೆ ಟೈರು, ಪೆಟ್ರೋಲಿಗೆ ನಿಲ್ಲಿಸಿದಾಗ (ಪಿಟ್ ಸ್ಟಾಪ್) ತಡವಾಗಿ ಹಿಂದೆ ಬಿದ್ದ ಮೇಲೆ ಅದೇ ಮಸೆರಾಟಿಯಲ್ಲಿ 9 ನಿಮಿಷ 17.4 ಸೆಕೆಂಡಿಗೆ ಸುತ್ತು ಮುಗಿಸಿದರು. ಆಗ ಅವರಿಗೆ 46 ವರ್ಷ. ಮುಂದಿದ್ದ ಇಬ್ಬರು ಫೆರಾರಿ ಡ್ರೈವರ್‌ಗಳನ್ನೂ ದಾಟಿ ಗೆದ್ದರು.

ಮತ್ತೆ ಗದ್ದೆಗೆ ಬರೋಣ. ಸಡಿಲ ಮಣ್ಣಿನಲ್ಲಿ ಗ್ರಿಪ್‌ನ ತುದಿ ಚೂಪಾಗಿರುವುದಿಲ್ಲ. ಕೋನ ಡಾಂಬರಿಗಿಂತ ಎಷ್ಟೋ ದೊಡ್ಡದಾಗುವವರೆಗೂ ಎಳೆಯುತ್ತದೆ, ದಾಟಿದರೂ ಮೆಲ್ಲಗೆ ಇಳಿಯುತ್ತದೆ. ತಪ್ಪಾದರೂ ಸರಿ ಮಾಡಲು ಸಮಯ ಸಿಗುತ್ತದೆ. ಮಣ್ಣಿನಲ್ಲಿ ಪಳಗಿದವರಿಗೆ ಜಾರುವ ಗಾಡಿ ಅಂದರೆ ಹೆದರಿಕೆ ಇರುವುದಿಲ್ಲ. ಅದು ದೊಡ್ಡ ಆಸ್ತಿ. ಆದರೆ ಅದೇ ಅಭ್ಯಾಸ ಡಾಂಬರಿನ ಸರ್ಕ್ಯೂಟಿಗೆ ಹೋದರೆ ಕೈಕೊಡುತ್ತದೆ. ಅಲ್ಲಿ ಅಡ್ಡಡ್ಡ ಹೊಗೆ ಎಬ್ಬಿಸುವ ಗಾಡಿ ನೋಡಲು ಚೆಂದ, ಗಡಿಯಾರದಲ್ಲಿ ನಿಧಾನ. ನಿಜಕ್ಕೂ ವೇಗವಾಗಿ ಹೋಗುವ ಸುತ್ತು ನೋಡುವವರಿಗೆ ಸಪ್ಪೆ. ಸ್ಟೇರಿಂಗ್ ಮೇಲಿನ ಕೈ ಸಣ್ಣಗೆ ಆಡುತ್ತಿರುತ್ತದೆ, ಅಷ್ಟೇ. ನನ್ನನ್ನು ಕೇಳಿದರೆ ಬದುವಿನ ಮೇಲಿನ ಶಿಳ್ಳೆ ಬೀಳಬೇಕಾದ್ದು ಅಂಥವರಿಗೆ.

ಕೈಯಾರೆ ತಿಳಿಯಬೇಕು ಅಂದರೆ ಮಡಿಕೇರಿ–ಸಂಪಾಜೆ ಘಾಟಿ ಬೇಡ. ಅಲ್ಲಿ ತಿರುವಿನಾಚೆ ಬಸ್ಸಿರುತ್ತದೆ. ಗೊತ್ತಿರುವವರು ಜೊತೆಗಿರುವ ಖಾಲಿ ಬಯಲು, ತಲೆಗೆ ಹೆಲ್ಮೆಟ್, ನಡುವೆ ರಸ್ತೆಯಲ್ಲಿ ಇಡುವಂಥ ಒಂದು ಪ್ಲಾಸ್ಟಿಕ್ ಕೋನ್, ಎರಡನೇ ಗೇರ್. ಸ್ಟೇರಿಂಗ್ ಒಂದೇ ಕಡೆ ಹಿಡಿದು ಕೋನ್ ಸುತ್ತ ಸುತ್ತುತ್ತಾ ಮೆಲ್ಲಗೆ ವೇಗ ಏರಿಸಿ. ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಮುಂದಿನ ಚಕ್ರ ತಿರುಗಿಸುವ) ಕಾರಾದರೆ ಒಂದು ಹಂತದಲ್ಲಿ ವೃತ್ತ ತಾನಾಗಿ ಅಗಲವಾಗುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಈಗ ಆಕ್ಸಿಲರೇಟರ್ ಕೂದಲೆಳೆಯಷ್ಟು ಬಿಡಿ, ಗಾಡಿ ಒಳಕ್ಕೆ ಬರುತ್ತದೆ. ಮತ್ತೆ ಒತ್ತಿ, ಹೊರಕ್ಕೆ ಹೋಗುತ್ತದೆ. ಕೈ ಅಲ್ಲಾಡಿಸದೆ ಬರೀ ಕಾಲಿನಲ್ಲಿ ಗಾಡಿ ತಿರುಗಿಸಲು ಬಂದ ಮೇಲೆ ಎರಡನೇ ಕೋನ್ ಇಡಬಹುದು.