ಮಳೆಗಾಲ ಕಳೆದು ಕಪ್ಪಾದ ಹೊರಗೋಡೆ: ಯಂತ್ರ ತಂದು ತೊಳೆಯಬಹುದೇ?

ಪ್ರಶ್ನೆ: ಉಡುಪಿಯ ಹೊರವಲಯದಲ್ಲಿ ನಮ್ಮ ಮನೆಯಿದೆ. ಈ ಸಲದ ಮಳೆ ಮುಗಿಯುವ ಹೊತ್ತಿಗೆ ಹಿಂಬದಿಯ ಗೋಡೆಯೂ ಹಿತ್ತಲ ಸುತ್ತಲಿನ ಕೆಂಪುಕಲ್ಲಿನ ಪಾಗಾರವೂ ಪೂರ್ತಿ ಕಪ್ಪಾಗಿವೆ. ರಭಸದಿಂದ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಯಂತ್ರವನ್ನು ಬಾಡಿಗೆಗೆ ತಂದು ನಾವೇ ತೊಳೆದುಕೊಳ್ಳಬಹುದೇ?

ಉತ್ತರ: ನೀವೇ ತೊಳೆದುಕೊಳ್ಳಬಹುದು, ಆದರೆ ಅದಕ್ಕೆ ಆ ಯಂತ್ರ ಬೇಕಾಗುವುದು ಕಡಿಮೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ತೆಂಗು, ಹಲಸಿನ ನೆರಳಿನಲ್ಲಿರುವ ಗೋಡೆಗಳು ಆ ದಿನಗಳಲ್ಲಿ ವಾರಗಟ್ಟಲೆ ಒಣಗುವುದೇ ಇಲ್ಲ. ಆ ಪಸೆಯಲ್ಲಿ ಹಾವಸೆಯೂ ಬೂಷ್ಟೂ ಬೆಳೆಯುತ್ತವೆ. ನಿಮಗೆ ಕಾಣುತ್ತಿರುವ ಕಪ್ಪು ಬಹುತೇಕ ಜೀವವಿರುವ ಪದರವೇ. ನೀರಿನ ಹೊಡೆತ ಅದರ ಮೇಲ್ಭಾಗವನ್ನಷ್ಟೇ ಕಿತ್ತುಹಾಕುತ್ತದೆ, ಗಾರೆಯ ಸಣ್ಣ ರಂಧ್ರಗಳೊಳಗೆ ಉಳಿದದ್ದು ಮುಂದಿನ ಮಳೆಗೆ ಮತ್ತೆ ಹಬ್ಬುತ್ತದೆ. ಆದ್ದರಿಂದ ಮೊದಲು ಅದನ್ನು ಸಾಯಿಸಬೇಕು, ತೊಳೆಯುವುದು ಅನಂತರದ ಕೆಲಸ.

ಕೆಂಪುಕಲ್ಲಿನ ವಿಷಯದಲ್ಲಂತೂ ಯಂತ್ರ ಬೇಡವೇ ಬೇಡ ಎನ್ನುತ್ತೇನೆ. ಕೋರೆಯಲ್ಲಿ ಕಡಿಯುವಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ, ಆದರೂ ಅದರ ತೂತುಗಳಲ್ಲಿ ಮೆದು ಮಣ್ಣು ಉಳಿದೇ ಇರುತ್ತದೆ. ತಾರಸಿಯ ಟ್ಯಾಂಕಿನಿಂದ ನಲ್ಲಿಗೆ ಇಳಿಯುವ ನೀರಿನ ಒತ್ತಡ ಸಾಮಾನ್ಯ ಮನೆಗಳಲ್ಲಿ 1 ಬಾರ್ ಕೂಡ ಇರುವುದಿಲ್ಲ. ಮನೆಬಳಕೆಯ ಪ್ರೆಶರ್ ವಾಷರ್‌ಗಳು 100 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ನೀರನ್ನು ಚಿಮ್ಮಿಸುತ್ತವೆ. ಕೆಲವು ವರ್ಷಗಳ ಹಿಂದೆ ನಮ್ಮ ಪಾಗಾರವನ್ನು ಹಾಗೆ ತೊಳೆದಾಗ, ಹರಿದುಬಂದ ಕೆಂಪು ನೀರನ್ನು ನಾನು ಕೊಳೆಯೆಂದೇ ತಿಳಿದಿದ್ದೆ. ಒಣಗಿದ ಮೇಲೆ ನೋಡಿದರೆ ಕಲ್ಲುಗಳ ಮುಖದಲ್ಲಿ ಬೆರಳು ಹೋಗುವಷ್ಟು ಹೊಂಡಗಳಾಗಿದ್ದವು, ಸಂದುಗಳ ಗಾರೆಯೂ ಎದ್ದುಬಂದಿತ್ತು. ಆ ಹೊಂಡಗಳಲ್ಲಿ ನೀರು ನಿಲ್ಲುವುದರಿಂದ ಈಗ ಹಾವಸೆ ಮೊದಲಿಗಿಂತ ಬೇಗ ಹಿಡಿಯುತ್ತದೆ.

ಹಾವಸೆಯನ್ನು ಸಾಯಿಸಲು ಬ್ಲೀಚಿಂಗ್ ಪೌಡರ್ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ ಸುಮಾರು 300 ಗ್ರಾಂ ಪುಡಿಯನ್ನು ಕಲಕಿ, ಸುಣ್ಣದಂಥ ಗಸಿ ತಳಕ್ಕೆ ಇಳಿಯುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಗಸಿ ಗೋಡೆಗೆ ತಾಗಿದರೆ ಬಿಳಿ ಕಲೆ ಉಳಿಯುತ್ತದೆ. ನಮ್ಮ ಹವೆಯ ತೇವಕ್ಕೆ ಕಟ್ಟು ಬಿಚ್ಚಿಟ್ಟ ಪುಡಿ ಬೇಗ ಕಸುವು ಕಳೆದುಕೊಳ್ಳುವುದರಿಂದ ಹೊಸದನ್ನೇ ತರುವುದು ಒಳ್ಳೆಯದು. ಬಣ್ಣದ ಗೋಡೆಯಾದರೆ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚೂರು ಹಚ್ಚಿ ನೋಡಿ. ಗೋಡೆಯನ್ನು ಬರೀ ನೀರಿನಿಂದ ಒದ್ದೆ ಮಾಡಿಕೊಂಡು, ಈ ತಿಳಿಯನ್ನು ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹೋಗಬೇಕು, ಏಕೆಂದರೆ ಮೇಲಿನಿಂದ ಹಚ್ಚಿದಾಗ ಕೆಳಗಿನ ಇನ್ನೂ ಹಚ್ಚದ ಭಾಗದ ಮೇಲೆ ಇಳಿದ ಧಾರೆಗಳ ಗೆರೆಗಳು ಹಾಗೆಯೇ ಉಳಿದುಬಿಡುತ್ತವೆ. ಹತ್ತು-ಹದಿನೈದು ನಿಮಿಷ, ಅದು ಒಣಗಲು ಬಿಡದೆ ಕಾದು, ಗಟ್ಟಿ ನಾರಿನ ಬ್ರಷ್‌ನಿಂದ ಉಜ್ಜಿ, ಮೇಲಿನಿಂದ ಕೆಳಕ್ಕೆ ಧಾರಾಳ ನೀರು ಬಿಟ್ಟು ತೊಳೆಯಿರಿ. ಪಾಗಾರದಂಥ ಒರಟು ಮೈಗೆ ಹಿಡಿಸೂಡಿ ಸಾಕು. ತಂತಿಯ ಬ್ರಷ್ ಬೇಡ, ಅದರ ಚೂರುಗಳು ಗೋಡೆಯಲ್ಲೇ ಉಳಿದು ತುಕ್ಕಿನ ಕಲೆಯಾಗುತ್ತವೆ. ಬಿಸಿಲು ನೇರವಾಗಿ ಬೀಳುವ ಗೋಡೆಯಲ್ಲಿ ತಿಳಿ ಕ್ಷಣದಲ್ಲಿ ಒಣಗುವುದರಿಂದ, ನೆರಳಿನ ಬದಿಯನ್ನು ನೋಡಿಕೊಂಡು, ಒಂದೊಂದು ಸಲಕ್ಕೆ ಎರಡು-ಮೂರು ಮೀಟರಿನಷ್ಟು ಮಾತ್ರ ಮಾಡಿ ಮುಗಿಸುವುದು ಅನುಕೂಲ.

ಕೈಗವಸು, ಕಣ್ಣಿಗೆ ಮುಚ್ಚುಕನ್ನಡಕ, ಹಳೆಯ ಬಟ್ಟೆ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕಲೆ ಬೇಗ ಹೋಗಲೆಂದು ಬ್ಲೀಚಿಂಗ್ ನೀರಿಗೆ ಆ್ಯಸಿಡ್ ಅಥವಾ ಶೌಚಾಲಯ ತೊಳೆಯುವ ದ್ರಾವಣವನ್ನು ಬೆರೆಸುವುದು. ಹಾಗೆ ಬೆರೆತ ಕೂಡಲೇ ಕ್ಲೋರಿನ್ ಅನಿಲ ಹೊರಬರುತ್ತದೆ, ಅದು ಶ್ವಾಸಕೋಶವನ್ನು ಸುಡುವ ವಿಷ. ಆ್ಯಸಿಡ್ ಒಂದನ್ನೇ ಬಳಸಿದರೂ ಅದು ಸಿಮೆಂಟನ್ನೂ ಸುಣ್ಣವನ್ನೂ ತಿನ್ನುತ್ತದೆ, ಆದ್ದರಿಂದ ಹೊರಗೋಡೆಗೆ ಅದು ಯಾವ ರೀತಿಯಲ್ಲೂ ಬೇಡ.

ನಮ್ಮಲ್ಲಿ ಬಾವಿಯಿಲ್ಲದ ಹಿತ್ತಲು ಅಪರೂಪವಾದುದರಿಂದ, ಈ ಬ್ಲೀಚಿಂಗ್ ನೀರು ಬಾವಿಗೆ ಸೇರಬಾರದೆಂದು ಒತ್ತಿ ಹೇಳಬೇಕಾಗಿದೆ. ಬಾವಿಯ ನೀರನ್ನು ಶುದ್ಧಗೊಳಿಸಲು 1000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುವುದು ರೂಢಿ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 70 ಗ್ರಾಂ ಸಾಕಾಗುತ್ತದೆ. ನಿಮ್ಮ ಒಂದು ಬಕೆಟ್ಟಿನಲ್ಲಿ ಅಂಥ ನಾಲ್ಕು ಬಾವಿಗಳಿಗೆ ಆಗುವಷ್ಟು ಪುಡಿಯಿದೆ. ಬಾವಿಗೆ ಹಾಳೆ ಮುಚ್ಚಿ, ತೊಳೆದ ನೀರು ಆ ಕಡೆಗಾಗಲೀ ಮಳೆನೀರಿನ ಇಂಗುಗುಂಡಿಗಾಗಲೀ ಹರಿಯದಂತೆ ಮಣ್ಣಿನ ಸಣ್ಣ ಕಟ್ಟೆ ಮಾಡಿಕೊಳ್ಳಿ. ಗೋಡೆಯ ಬುಡದ ಮಲ್ಲಿಗೆ, ದಾಸವಾಳಗಳಿಗೆ ಮೊದಲೂ ಆಮೇಲೂ ಚೆನ್ನಾಗಿ ನೀರು ಹಾಕಿದರೆ ಎಲೆ ಸುಡುವುದಿಲ್ಲ.

ಮೀಟರ್ ಬೋರ್ಡ್, ಪಂಪಿನ ಸ್ವಿಚ್ಚು, ಹೊರಗಿನ ದೀಪಗಳಿರುವ ಗೋಡೆಗೆ ನೀರು ಬಿಡುವ ಮುನ್ನ ಮೈನ್ ಸ್ವಿಚ್ ಆರಿಸಿ, ಪ್ಲಾಸ್ಟಿಕ್ ಕಟ್ಟಿ ಮುಚ್ಚಬೇಕು. ಕಂಬದಿಂದ ಮನೆಗೆ ಬರುವ ತಂತಿಯಿರುವ ಬದಿಯಲ್ಲಿ ಅಲ್ಯೂಮಿನಿಯಂ ಏಣಿಯನ್ನು ಇಡಲೇಬಾರದು. ಎರಡನೇ ಮಹಡಿಯ ಎತ್ತರಕ್ಕೆ ಒದ್ದೆ ನೆಲದ ಮೇಲೆ ಏಣಿ ಇಟ್ಟು ಹತ್ತುವುದಕ್ಕಿಂತ ಅಟ್ಟಣೆ ಕಟ್ಟುವವರನ್ನು ಕರೆಸುವುದೇ ಸರಿ. ಹೆಂಚಿನ ಮಾಡಿಗೂ ಯಂತ್ರ ಬೇಡ. ಒಂದರ ಮೇಲೊಂದು ಹೊದೆಸಿದ ಹೆಂಚುಗಳ ಅಡಿಗೆ ನೀರು ನುಗ್ಗಿ, ಅವನ್ನು ಹೊತ್ತ ಮರದ ಪಕಾಸುಗಳು ನೆನೆಯುತ್ತವೆ.

ಇಂಟರ್‌ಲಾಕ್ ಹಾಸಿದ ಅಂಗಳಕ್ಕೆ ಯಂತ್ರ ತರುವುದಿದ್ದರೆ, ಅಗಲವಾಗಿ ಹರಡುವ ನಾಝಲ್ ಹಾಕಿ, ಒಂದಡಿಗಿಂತ ಹತ್ತಿರ ಹಿಡಿಯದೆ ಬಳಸಿ, ಕಾಲಿಗೆ ಗಟ್ಟಿ ಬೂಟು ಹಾಕಿಕೊಳ್ಳಿ. ಆ ನೀರಿನ ಎಳೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ಕೆಲಸಕ್ಕೆ ಅಕ್ಟೋಬರ್‌ನ ಸಂಜೆಯ ಗುಡುಗುಮಳೆ ನಿಂತ ಮೇಲಿನ ದಿನಗಳು ಹೊಂದುತ್ತವೆ. ತೊಳೆದ ಮೇಲೆ ಪೇಂಟ್ ಮಾಡಿಸುವುದಿದ್ದರೆ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ಬಿಚ್ಚಿ ನೋಡಿ. ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಪೇಂಟರ್ ಎಷ್ಟೇ ಅವಸರ ಮಾಡಿದರೂ ಇನ್ನೊಂದು ವಾರ ಬಿಸಿಲಿಗೆ ಬಿಡಿ.