ಹೆಲ್‌ಬಾಯ್ ಎರಡನೇ ಭಾಗ: ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಬೋರ್, ಯಾಕೆ?

ಓದುಗರ ಪ್ರಶ್ನೆ: ಹಳೇ ಸಿನಿಮಾ ಅಂತ ಗೊತ್ತು. ಆದರೂ ಮೊನ್ನೆ ಗೆಳೆಯರ ಜೊತೆ ಕೂತು ‘ಹೆಲ್‌ಬಾಯ್ 2: ದಿ ಗೋಲ್ಡನ್ ಆರ್ಮಿ’ ನೋಡಿದೆ. ನನಗೆ ತುಂಬಾ ಇಷ್ಟ ಆಯಿತು. ಅವರಿಬ್ಬರು ಮಾತ್ರ “ಇದರಲ್ಲಿ ಕಥೆ ಎಂತ ಉಂಟು ಮಾರಾಯ? ಸುಮ್ನೆ ರಾಕ್ಷಸರ ಮೆರವಣಿಗೆ” ಅಂದರು. ಒಂದೇ ಸಿನಿಮಾಕ್ಕೆ ಇಷ್ಟು ಬೇರೆ ಬೇರೆ ಅಭಿಪ್ರಾಯ ಯಾಕೆ?
(ಕಾಪುವಿನ ಓದುಗರೊಬ್ಬರು)

ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ. ಅದು ರಾಕ್ಷಸರ ಮೆರವಣಿಗೆಯೇ. ಹಾಗಂದದ್ದು ಹೊಗಳಿಕೆಯೋ ಬೈಗುಳವೋ ಅನ್ನುವುದರಲ್ಲೇ ಜಗಳ ಇರುವುದು.

(ಸಿನಿಮಾ ನೋಡದವರು ಮುಂದೆ ಓದುವ ಮೊದಲು ಯೋಚಿಸಿ. ಕಥೆಯ ಕೊನೆಯನ್ನೂ ಹೇಳುತ್ತೇನೆ.)

ಮೈಕ್ ಮಿಗ್ನೋಲಾ ಬರೆದು ಚಿತ್ರಿಸಿದ ಕಾಮಿಕ್ಸ್ ಇದರ ಮೂಲ. 1944ರಲ್ಲಿ ನಾಜಿಗಳ ಮಾಟದಿಂದ ಭೂಮಿಗೆ ಬಂದ ಕೆಂಪು ಮೈಯ ರಾಕ್ಷಸ ಮಗುವನ್ನು ಒಬ್ಬ ಪ್ರೊಫೆಸರ್ ಸಾಕುತ್ತಾರೆ. ದೊಡ್ಡವನಾದ ಮೇಲೆ ಅವನು ಮನುಷ್ಯರ ಪರವಾಗಿ ಭೂತ ಪಿಶಾಚಿಗಳ ಜೊತೆ ಹೊಡೆದಾಡುತ್ತಾನೆ. ಗಿಲ್ಲರ್ಮೊ ಡೆಲ್ ಟೊರೊ 2004ರಲ್ಲಿ ಮೊದಲ ಭಾಗ ಮಾಡಿದರು, 2008ರಲ್ಲಿ ಎರಡನೆಯದು. ಎರಡರಲ್ಲೂ ರಾನ್ ಪರ್ಲ್‌ಮನ್ ಅವರೇ ಹೆಲ್‌ಬಾಯ್.

ಬೇಜಾರಾದವರಲ್ಲಿ ಮೂರು ಥರದವರಿದ್ದಾರೆ. ಮೊದಲ ಭಾಗವನ್ನು ಮೆಚ್ಚಿದವರಿಗೆ ಅದರ ಕತ್ತಲೆ, ಹೆದರಿಕೆ ಇಲ್ಲಿ ಸಿಗಲಿಲ್ಲ. ಅಲ್ಲಿ ನಮ್ಮನ್ನು ಕೈಹಿಡಿದು ಕಥೆಯೊಳಗೆ ಕರೆದುಕೊಂಡು ಹೋದ ಯುವ ಏಜೆಂಟ್ ಮೈಯರ್ಸ್ ಇಲ್ಲಿ ಇಲ್ಲವೇ ಇಲ್ಲ. ಅಂಟಾರ್ಕ್ಟಿಕಾಕ್ಕೆ ವರ್ಗ ಆಯಿತು ಅಂತ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ! ಕಾಮಿಕ್ಸ್ ಓದಿದವರ ದೂರು ಬೇರೆ. ಕಾಮಿಕ್ಸ್‌ನ ಹೆಲ್‌ಬಾಯ್ ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವ ಆಸಾಮಿ. ಅಲ್ಲಿ ಅವನಿಗೂ ಮೈಯಿಂದ ಬೆಂಕಿ ಹೊಮ್ಮಿಸುವ ಜೊತೆಗಾರ್ತಿ ಲಿಜ್‌ಗೂ ಪ್ರೇಮ ಇಲ್ಲ. ಸಿನಿಮಾದಲ್ಲಿ ಅವರಿಬ್ಬರದು ಪೂರ್ತಿ ಸಂಸಾರ. ಜಗಳ, ಮುನಿಸು, ಆಮೇಲೆ ಅವಳು ಬಸುರಿ ಅನ್ನುವ ಸುದ್ದಿ. ಮೂರನೆಯವರು ನಿಮ್ಮ ಗೆಳೆಯರ ಥರ ಕಥೆ ಹುಡುಕಿಕೊಂಡು ಹೋದವರು.

ಕಥೆ ಮೂರು ಸಾಲಿನದ್ದು. ಮನುಷ್ಯರ ದುರಾಸೆಗೆ ರೋಸಿಹೋದ ಯಕ್ಷಲೋಕದ ರಾಜಕುಮಾರ ನುವಾಡ. ಮೂರು ತುಂಡಾದ ಕಿರೀಟ. ಅದು ಕೂಡಿಕೊಂಡರೆ ಎದ್ದು ನಿಲ್ಲುವ ಚಿನ್ನದ ಸೈನ್ಯ, ಎಪ್ಪತ್ತು ಸಲ ಎಪ್ಪತ್ತು, ಅಂದರೆ 4,900 ಯಂತ್ರ ಸೈನಿಕರು. ಅಷ್ಟೇ.

ಆದರೆ ಕಥೆ ಹೊಸತಾಗಿರಬೇಕು ಅನ್ನುವ ಹಠ ನಮ್ಮ ಕರಾವಳಿಯಲ್ಲಿ ಯಾವಾಗ ಇತ್ತು? ಕಟೀಲು ಮೇಳದ ದೇವಿಮಹಾತ್ಮೆ ಯಕ್ಷಗಾನ ಆಟಕ್ಕೆ ಹೋಗುವವರಿಗೆ ಮಹಿಷಾಸುರ ಕೊನೆಗೆ ಸಾಯುತ್ತಾನೆ ಅಂತ ಗೊತ್ತಿಲ್ಲವೇ? ಗೊತ್ತಿದ್ದೇ ಹೋಗುತ್ತಾರೆ. ಜನರ ಹಿಂದಿನಿಂದ ದೊಂದಿ ಉರಿಸಿಕೊಂಡು, ರಾಳದ ಪುಡಿ ಭಗ್ ಅಂತ ಹೊತ್ತಿಕೊಳ್ಳುವಾಗ, ಕೊಂಬು ಕಟ್ಟಿದ ಆ ಬಣ್ಣದ ವೇಷ ಆರ್ಭಟ ಕೊಡುತ್ತಾ ಬರುತ್ತದಲ್ಲ, ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಆ ಪ್ರವೇಶಕ್ಕಾಗಿಯೇ ಕಾದು ಕುಳಿತವರಿರುತ್ತಾರೆ. ಡೆಲ್ ಟೊರೊ ಈ ಸಿನಿಮಾ ಮಾಡಿದ್ದು ಆ ಥರದ ನೋಡುಗರಿಗೆ.

ಇಲ್ಲಿ ವೇಷಗಳು ಕಂಪ್ಯೂಟರಿನಲ್ಲಿ ಮಾತ್ರ ಹುಟ್ಟಿದವಲ್ಲ. ಬಹಳಷ್ಟು ರಾಕ್ಷಸರು ನಿಜವಾಗಿ ಮೈಮೇಲೆ ಹೊತ್ತ ರಬ್ಬರ್, ಬಣ್ಣ, ಯಂತ್ರ. ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದನ್ನು ನೋಡಿದವರಿಗೆ ಇದರ ತಾಳ್ಮೆ ಏನಂತ ಗೊತ್ತಾಗುತ್ತದೆ. ಪರ್ಲ್‌ಮನ್ ಕೂಡ ಗಂಟೆಗಟ್ಟಲೆ ಬಣ್ಣಕ್ಕೆ ಕೂರಬೇಕಿತ್ತು. ಡಗ್ ಜೋನ್ಸ್ ಅನ್ನುವ ನಟ ಇದರಲ್ಲಿ ಒಬ್ಬನೇ ಮೂರು ವೇಷ ಮಾಡಿದ್ದಾರೆ: ಮೀನಿನಂಥ ಏಬ್, ರಾಜನ ಆಸ್ಥಾನದ ಚೇಂಬರ್ಲೇನ್, ಮತ್ತೆ ಆ ಸಾವಿನ ದೇವತೆ. ಸಾವಿನ ದೇವತೆಯನ್ನು ಇನ್ನೊಮ್ಮೆ ನೋಡಿ. ಮುಖದಲ್ಲಿ ಕಣ್ಣಿಲ್ಲ. ಕಣ್ಣುಗಳೆಲ್ಲ ರೆಕ್ಕೆಯಲ್ಲಿ, ಅಲ್ಲಿಂದಲೇ ಪಿಳಿಪಿಳಿ ನೋಡುತ್ತವೆ. ಮೇಕಪ್ ವಿಭಾಗದಲ್ಲಿ ಸಿನಿಮಾ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಪ್ರಶಸ್ತಿ ಸಿಗಲಿಲ್ಲ.

ಹಾಗಂತ ಬರೀ ವೇಷ ಅಂದರೆ ಅದೂ ತಪ್ಪು. ಆ ಕಾಡಿನ ದೇವರ ದೃಶ್ಯ ನೆನಪಿದೆಯಲ್ಲ? ನುವಾಡ ಕಾಳಿನಷ್ಟು ಸಣ್ಣ ಬೀಜವೊಂದನ್ನು ಬಿಡುತ್ತಾನೆ. ನೀರು ತಾಗಿದ್ದೇ ತಡ, ನ್ಯೂಯಾರ್ಕಿನ ರಸ್ತೆ ಸೀಳಿಕೊಂಡು ಹಸಿರು ದೈತ್ಯ ಏಳುತ್ತದೆ. ಹೆಲ್‌ಬಾಯ್‌ನ ಒಂದು ಕೈಯಲ್ಲಿ ಯಾರದೋ ಕೂಸು, ಇನ್ನೊಂದರಲ್ಲಿ ದೊಡ್ಡ ಬಂದೂಕು. ಇದು ಈ ಜಾತಿಯಲ್ಲಿ ಕೊನೆಯದು, ಕೊಂದರೆ ಮತ್ತೆ ಹುಟ್ಟುವುದಿಲ್ಲ ಅನ್ನುತ್ತಾನೆ ನುವಾಡ. ಹೆಲ್‌ಬಾಯ್ ಒಂದು ಗಳಿಗೆ ತಡೆಯುತ್ತಾನೆ. ಆಮೇಲೆ ಗುಂಡು ಹಾರಿಸುತ್ತಾನೆ. ಅದರ ರಕ್ತ ಬಿದ್ದಲ್ಲೆಲ್ಲ, ಕಾರಿನ ಮೇಲೆ, ಟಾರು ರಸ್ತೆಯ ಮೇಲೆ, ಪಾಚಿ ಹಬ್ಬಿ ಹೂ ಬಿಡುತ್ತದೆ. ಜೀವ ಉಳಿಸಿಕೊಂಡ ಜನ ಅವನನ್ನೇ ಬೈಯುತ್ತಾರೆ. ನಾಗಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿದ್ದನ್ನು ಕಣ್ಣಾರೆ ಕಂಡ ನಮ್ಮ ಕಡೆಯವರಿಗೆ ಈ ದೃಶ್ಯ ಸ್ವಲ್ಪ ಜಾಸ್ತಿಯೇ ತಟ್ಟಬೇಕು.

ನನ್ನ ತಕರಾರು ಇರುವುದೂ ಇಲ್ಲೇ. ಖಳನ ಮಾತಿನಲ್ಲಿ ಅರ್ಧ ನ್ಯಾಯ ಇದೆ ಅಂತ ಸಿನಿಮಾವೇ ತೋರಿಸಿಕೊಟ್ಟಿತು. ಆಮೇಲೆ ಅದಕ್ಕೆ ಉತ್ತರ ಕೊಡದೆ ಹೊಡೆದಾಟಕ್ಕೆ ಇಳಿಯಿತು. ನುವಾಡ ಮತ್ತು ಅವನ ಅವಳಿ ತಂಗಿ, ಇವರಿಬ್ಬರಲ್ಲಿ ಒಬ್ಬರಿಗೆ ಗಾಯವಾದರೆ ಇನ್ನೊಬ್ಬರಿಗೂ ಆಗುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ, ಕೊನೆಗೆ ರಾಜಕುಮಾರಿ ಏನು ಮಾಡುತ್ತಾಳೆ ಅಂತ ಊಹಿಸಲು ಎಷ್ಟು ಹೊತ್ತು ಬೇಕು? ಹೆಸರಿನಲ್ಲೇ ಇರುವ ಚಿನ್ನದ ಸೈನ್ಯ ಎದ್ದು ನಿಲ್ಲುವ ಹೊತ್ತಿಗೆ ಸಿನಿಮಾದ ಉಸಿರು ಮುಗಿದಿರುತ್ತದೆ.

ಏಬ್ ಮತ್ತು ಹೆಲ್‌ಬಾಯ್ ಬಿಯರ್ ಕುಡಿದು ಪ್ರೇಮಗೀತೆ ಹಾಡುವ ದೃಶ್ಯದ ಬಗ್ಗೆಯೂ ಇದೇ ಗಲಾಟೆ. ಕೆಲವರಿಗೆ ಅದೇ ಇಡೀ ಸಿನಿಮಾದ ಜೀವ, ಕೆಲವರಿಗೆ ಮುಜುಗರ. ನಾನು ಮೊದಲನೇ ಗುಂಪು.

ಇನ್ನು ದುಡ್ಡಿನ ವಿಷಯ. ಸುಮಾರು 8.5 ಕೋಟಿ ಡಾಲರ್ ಖರ್ಚಿನ ಸಿನಿಮಾ ಅಮೆರಿಕದಲ್ಲಿ 2008ರ ಜುಲೈ 11ಕ್ಕೆ ಬಂತು. ಆ ವಾರ ಅದೇ ನಂಬರ್ ಒನ್. ಮುಂದಿನ ಶುಕ್ರವಾರವೇ ಬ್ಯಾಟ್‌ಮನ್‌ನ ‘ದಿ ಡಾರ್ಕ್ ನೈಟ್’ ಬಂದು ಕೂತಿತು. ಎರಡನೇ ವಾರಾಂತ್ಯದ ಗಳಿಕೆ ಮೊದಲಿನದರ ಮೂರನೇ ಒಂದು ಪಾಲಿಗಿಂತಲೂ ಕೆಳಗೆ ಬಿತ್ತು. ಸಿನಿಮಾ ಚೆನ್ನಾಗಿಲ್ಲದ್ದಕ್ಕೆ ಮಲಗಿತು ಅನ್ನುವವರು ಈ ತಾರೀಕನ್ನು ಮರೆಯುತ್ತಾರೆ. ಲಿಜ್‌ಗೆ ಅವಳಿ ಮಕ್ಕಳು ಅನ್ನುವಲ್ಲಿಗೆ ನಿಂತ ಕಥೆಗೆ ಮೂರನೇ ಭಾಗ ಬರಲೇ ಇಲ್ಲ. ಅದು ಖಂಡಿತ ಆಗುವುದಿಲ್ಲ ಅಂತ 2017ರಲ್ಲಿ ಡೆಲ್ ಟೊರೊ ಅವರೇ ಹೇಳಿದರು. 2019ರಲ್ಲಿ ಬೇರೆ ನಿರ್ದೇಶಕರು, ಬೇರೆ ನಟರು ಸೇರಿ ಹೊಸದಾಗಿ ಶುರು ಮಾಡಿದ ಹೆಲ್‌ಬಾಯ್ ನೆಲಕಚ್ಚಿತು.

ಮೊದಲ ಭಾಗ ನೋಡಿರದಿದ್ದರೆ ನೋಡಿ, ಲಿಜ್ ಮತ್ತು ಹೆಲ್‌ಬಾಯ್ ಜಗಳ ಚೆನ್ನಾಗಿ ಅರ್ಥವಾಗುತ್ತದೆ. ಗೆಳೆಯರಿಗೆ ಇನ್ನೊಮ್ಮೆ ತೋರಿಸುವುದಾದರೆ ಮೊಬೈಲ್ ಬೇಡ, ದೊಡ್ಡ ಟಿವಿಯಲ್ಲಿ ಲೈಟ್ ಆರಿಸಿ ತೋರಿಸಿ. ರಾಕ್ಷಸರ ಗುಟ್ಟಿನ ಸಂತೆ ಟ್ರೋಲ್ ಮಾರ್ಕೆಟ್‌ನ ಮೂಲೆ ಮೂಲೆಯಲ್ಲಿ ನಿಂತ ವೇಷಗಳು ಸಣ್ಣ ಪರದೆಯಲ್ಲಿ ಕಾಣುವುದೇ ಇಲ್ಲ. ಆಗಲೂ ಅವರು ಆಕಳಿಸಿದರೆ ಬಿಡಿ, ಮಿಗ್ನೋಲಾ ಅವರ ಕಾಮಿಕ್ಸ್ ಒಂದನ್ನು ಕೈಗೆ ಕೊಡಿ. ಅವರು ಹುಡುಕುವ ಕಥೆ ಅಲ್ಲಿ ಬೇಕಾದಷ್ಟು ಉಂಟು.